ಡ್ರಾ ಹೊಡೆಯಲೋ, ಫೇಡ್ ಹೊಡೆಯಲೋ? ಗಾಲ್ಫ್ ಆಟಗಾರರ ಹಳೆಯ ಗೊಂದಲ

2016ರ ಏಪ್ರಿಲ್ 10ರ ಭಾನುವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ಬಿನಲ್ಲಿ ಮಾಸ್ಟರ್ಸ್ ಟೂರ್ನಿಯ ಕೊನೆಯ ಸುತ್ತು ನಡೆದಿತ್ತು. ಹಿಂದಿನ ವರ್ಷ ಇದೇ ಅಂಗಳದಲ್ಲಿ ಪ್ರಶಸ್ತಿ ಗೆದ್ದಿದ್ದ 22ರ ಹರೆಯದ ಜೋರ್ಡನ್ ಸ್ಪೀತ್, ಆ ದಿನದ ಮೊದಲ ಒಂಬತ್ತು ಹೋಲ್‌ಗಳನ್ನು ಮುಗಿಸಿದಾಗ ಐದು ಸ್ಟ್ರೋಕ್‌ಗಳಷ್ಟು ಮುಂದಿದ್ದರು. ಹತ್ತು ಮತ್ತು ಹನ್ನೊಂದನೇ ಹೋಲ್‌ಗಳಲ್ಲಿ ಒಂದೊಂದು ಬೋಗಿ ಬಂದರೂ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಹನ್ನೆರಡನೆಯದು ಕೇವಲ 155 ಗಜ ಉದ್ದದ ಪುಟ್ಟ ಹೋಲ್. ಗ್ರೀನ್‌ನ ಮುಂದೆ ರೇಸ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. ಬಾವುಟ ಬಲತುದಿಯಲ್ಲಿತ್ತು. ಸ್ಪೀತ್ ಹೊಡೆದ ಚೆಂಡು ಬಲಕ್ಕೆ ಸರಿಯುತ್ತಾ ಹೋಗಿ ಗುರಿಗಿಂತ ಹಿಂದೆಯೇ ಬಿದ್ದು, ದಂಡೆಗೆ ಬಡಿದು ನೀರಿಗೆ ಉರುಳಿತು. ದಂಡ ತೆತ್ತು ಹೊಡೆದ ಮುಂದಿನ ಚೆಂಡೂ ನೀರು ಪಾಲಾಯಿತು. ಮೂರು ಹೊಡೆತಗಳಲ್ಲಿ ಮುಗಿಯಬೇಕಿದ್ದ ಹೋಲ್‌ಗೆ ಏಳು ಹೊಡೆತ ಬೇಕಾಯಿತು. ಪ್ರಶಸ್ತಿ ಇಂಗ್ಲೆಂಡಿನ ಡ್ಯಾನಿ ವಿಲೆಟ್ ಅವರ ಕೈಸೇರಿತು.

ಗಾಳಿಯಲ್ಲಿ ಚೆಂಡು ಹತ್ತು ಗಜ ಬಲಕ್ಕೆ ಬಾಗುವುದಕ್ಕೂ ಹತ್ತು ಗಜ ಎಡಕ್ಕೆ ಬಾಗುವುದಕ್ಕೂ ನಡುವಿನ ವ್ಯತ್ಯಾಸ ಟೀವಿಯ ಮುಂದೆ ಕುಳಿತವರಿಗೆ ಅಷ್ಟಾಗಿ ಕಾಣುವುದಿಲ್ಲ. ಆಡುವವರಿಗೆ ಮಾತ್ರ ಅದೇ ಸರ್ವಸ್ವ. ಗಾಲ್ಫ್ ಅಂಗಳಕ್ಕೆ ಹೊಸದಾಗಿ ಕಾಲಿಟ್ಟವರಿಂದ ಹಿಡಿದು ವಿಶ್ವದ ಅಗ್ರಮಾನ್ಯರವರೆಗೆ ಎಲ್ಲರನ್ನೂ ಕಾಡುವ ಪ್ರಶ್ನೆಯೊಂದಿದೆ: ಆಡಬೇಕಾದದ್ದು ಡ್ರಾ ಹೊಡೆತವನ್ನೋ, ಫೇಡ್ ಹೊಡೆತವನ್ನೋ?

ಹೆಸರು ಎರಡು, ದಿಕ್ಕು ಎರಡು

ಬಲಗೈ ಆಟಗಾರ ಹೊಡೆದ ಚೆಂಡು ಗುರಿಯ ಬಲಭಾಗದಿಂದ ಹೊರಟು, ಗಾಳಿಯಲ್ಲಿ ಮೆಲ್ಲನೆ ಎಡಕ್ಕೆ ಬಾಗಿ ಗುರಿಯನ್ನು ಸೇರಿದರೆ ಅದು ಡ್ರಾ. ಎಡಭಾಗದಿಂದ ಹೊರಟು ಬಲಕ್ಕೆ ಬಾಗಿ ಬಂದರೆ ಅದು ಫೇಡ್. ಎಡಗೈ ಆಟಗಾರರಿಗೆ ಎಲ್ಲವೂ ತಿರುಗುಮುರುಗು. ಎರಡೂ ಆಟಗಾರ ಬೇಕೆಂದೇ ಹೊಡೆಯುವ, ಹಿಡಿತದಲ್ಲಿರುವ ಹೊಡೆತಗಳು. ಹಿಡಿತ ತಪ್ಪಿದಾಗ ಡ್ರಾ ಎನ್ನುವುದು ಹುಕ್ ಆಗುತ್ತದೆ, ಫೇಡ್ ಎನ್ನುವುದು ಸ್ಲೈಸ್ ಆಗುತ್ತದೆ. ಕ್ಲಬ್ಬುಗಳ ವಾರಾಂತ್ಯದ ಆಟಗಾರರಲ್ಲಿ ಬಹುಪಾಲು ಮಂದಿಯ ಕಾಯಿಲೆ ಸ್ಲೈಸ್. ಪಕ್ಕದ ಹೋಲ್‌ನಲ್ಲಿ ಆಡುತ್ತಿರುವವರಿಗೆ ಎಚ್ಚರಿಕೆಯ ಕೂಗು ಹಾಕಬೇಕಾಗಿ ಬರುವುದು ಹೆಚ್ಚಾಗಿ ಇದರಿಂದಲೇ.

ಹಾಗಾದರೆ ನೇರವಾಗಿ ಹೊಡೆದರಾಯಿತಲ್ಲ ಎಂದು ಹೊರಗಿನವರು ಕೇಳುವುದುಂಟು. ಗಾಲ್ಫ್‌ನಲ್ಲಿ ಅತ್ಯಂತ ಕಷ್ಟದ ಹೊಡೆತವೇ ಅದು. ಚೆಂಡು ಕೂದಲೆಳೆಯಷ್ಟೂ ಬಾಗಬಾರದೆಂದರೆ ಕ್ಲಬ್ ಸಾಗುವ ದಾರಿ, ಕ್ಲಬ್‌ನ ಮುಖ ಹಾಗೂ ಚೆಂಡಿಗೆ ಅದು ತಾಗುವ ಬಿಂದು ಮೂರೂ ಒಂದೇ ರೇಖೆಯಲ್ಲಿರಬೇಕು. ಗಂಟೆಗೆ ನೂರು ಮೈಲಿಗೂ ಮಿಕ್ಕ ವೇಗದಲ್ಲಿ ಬರುವ ಕ್ಲಬ್ಬಿನ ತಲೆಗೆ ಚೆಂಡಿನೊಡನೆ ಇರುವ ನಂಟು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತಿನದು. ಅಷ್ಟರಲ್ಲಿ ಮೂರನ್ನೂ ಪ್ರತಿಸಲ ಹೊಂದಿಸಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ಆದ್ದರಿಂದ ಚೆಂಡು ಹೇಗಿದ್ದರೂ ಬಾಗುತ್ತದೆ. ಯಾವ ಕಡೆಗೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಜಾಣತನ ಎಂಬುದು ವೃತ್ತಿಪರರ ಲೆಕ್ಕ.

ಬಾಗಿಸುವುದು ಯಾವುದು?

ಸ್ಕಾಟ್ಲೆಂಡಿನ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲಿ ಗಾಲ್ಫ್ ಚೆಂಡಿನ ಹಾರಾಟದ ಬಗ್ಗೆ ಗಂಭೀರ ಪ್ರಬಂಧಗಳನ್ನು ಬರೆದರು. ಚೆಂಡು ಅಷ್ಟು ದೂರ ಹಾರುವುದಕ್ಕೆ ಅದರ ಹಿಮ್ಮುಖ ತಿರುಗಾಟ, ಎಂದರೆ ಬ್ಯಾಕ್‌ಸ್ಪಿನ್, ಮುಖ್ಯ ಕಾರಣ ಎಂದು ತೋರಿಸಿಕೊಟ್ಟವರು ಅವರು. ಅವರ ಮಗ ಫ್ರೆಡ್ಡಿ ಟೇಟ್ 1896 ಹಾಗೂ 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್ ಆಗಿದ್ದರು. ತಂದೆ ಲೆಕ್ಕ ಹಾಕುತ್ತಿದ್ದದ್ದನ್ನು ಮಗ ಅಂಗಳದಲ್ಲಿ ಮಾಡಿ ತೋರಿಸುತ್ತಿದ್ದರು ಎನ್ನಬಹುದು. 1900ರಲ್ಲಿ ಬೋಯರ್ ಯುದ್ಧದಲ್ಲಿ ಫ್ರೆಡ್ಡಿ ಮಡಿದರು. ಎಲೆಕ್ಟ್ರಾನ್ ಕಂಡುಹಿಡಿದು ನೊಬೆಲ್ ಪಡೆದ ಜೆ.ಜೆ. ಥಾಮ್ಸನ್ ಕೂಡ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಗಾಲ್ಫ್ ಚೆಂಡಿನ ಚಲನಶಾಸ್ತ್ರದ ಮೇಲೆ ಉಪನ್ಯಾಸ ನೀಡಿದ್ದರು.

ತಿರುಗುತ್ತಾ ಹಾರುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಕಡೆಗೆ ತಳ್ಳುತ್ತದೆ, ತಾನು ಅದಕ್ಕೆ ಎದುರು ದಿಕ್ಕಿಗೆ ಸರಿಯುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಕ್ರಿಕೆಟ್ ಬಲ್ಲವರಿಗೆ ಇದು ಅಪರಿಚಿತವಲ್ಲ. ಎರಪಳ್ಳಿ ಪ್ರಸನ್ನ ಅವರ ಚೆಂಡು ಗಾಳಿಯಲ್ಲಿ ತೇಲಿ ಬಂದು ಬ್ಯಾಟ್ಸ್‌ಮನ್ ಅಂದಾಜಿಸಿದ್ದಕ್ಕಿಂತ ಮೊದಲೇ ಇಳಿದುಬಿಡುತ್ತಿದ್ದುದರ ಹಿಂದೆ ಇದ್ದದ್ದೂ ಚೆಂಡಿನ ತಿರುಗಾಟವೇ. ಆದರೆ ವೇಗದ ಬೌಲರ್‌ಗಳ ಸ್ವಿಂಗ್‌ನೊಡನೆ ಇದನ್ನು ಹೋಲಿಸಬಾರದು. ಅಲ್ಲಿ ಕೆಲಸ ಮಾಡುವುದು ಚೆಂಡಿನ ಹೊಲಿಗೆ ಮತ್ತು ಹೊಳಪು. ಗಾಲ್ಫ್ ಚೆಂಡಿಗೆ ಹೊಲಿಗೆಯಿಲ್ಲ, ಬದಲಿಗೆ ಮೈತುಂಬ ಮುನ್ನೂರು ನಾನ್ನೂರು ಗುಳಿಗಳಿವೆ.

ಎಡಕ್ಕೆ ಬಾಗುವ ಚೆಂಡಿಗೆ ಅಡ್ಡ ತಿರುಗಾಟ ಬೇರೆಯೇ ಇದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಚೆಂಡಿಗೆ ಇರುವುದು ಒಂದೇ ತಿರುಗಾಟ, ಅದಕ್ಕೊಂದೇ ಅಕ್ಷ. ಆ ಅಕ್ಷ ನೆಲಕ್ಕೆ ಸಮನಾಗಿದ್ದರೆ ಚೆಂಡು ಮೇಲಕ್ಕಷ್ಟೇ ಎತ್ತಲ್ಪಡುತ್ತದೆ. ಅಕ್ಷ ಎಡಕ್ಕೆ ವಾಲಿದರೆ ಆ ಎತ್ತುವ ಬಲವೇ ಚೆಂಡನ್ನು ಎಡಕ್ಕೂ ಒಯ್ಯುತ್ತದೆ. ವಿಮಾನವು ರೆಕ್ಕೆ ವಾಲಿಸಿ ತಿರುಗುವುದೂ ಹೀಗೆಯೇ. ಹೆಚ್ಚು ಓರೆಯಿರುವ ವೆಜ್‌ನಿಂದ ಹೊಡೆದಾಗ ಬ್ಯಾಕ್‌ಸ್ಪಿನ್ ವಿಪರೀತವಾಗಿರುವುದರಿಂದ ಅಕ್ಷವನ್ನು ವಾಲಿಸುವುದು ಕಷ್ಟ. ಚೆಂಡು ಹೆಚ್ಚು ಬಾಗುವುದಿಲ್ಲ. ಓರೆ ಕಡಿಮೆಯಿರುವ ಡ್ರೈವರ್‌ನಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಚೆಂಡು ಕಾಡಿನ ದಾರಿ ಹಿಡಿಯುತ್ತದೆ.

ದಶಕಗಳ ತಪ್ಪು ಪಾಠ

ಇಲ್ಲಿ ಗಾಲ್ಫ್ ತರಬೇತಿಯ ಇತಿಹಾಸದಲ್ಲಿನ ಒಂದು ವಿಚಿತ್ರ ಅಧ್ಯಾಯವನ್ನು ಹೇಳಲೇಬೇಕು. ಬಹುಕಾಲ ತರಬೇತುದಾರರು ಹೇಳಿಕೊಡುತ್ತಿದ್ದ ಪಾಠ ಇಷ್ಟು: ಚೆಂಡು ಹೊರಡುವುದು ಕ್ಲಬ್ ಬೀಸಿದ ದಾರಿಯಲ್ಲಿ, ಬಂದು ಸೇರುವುದು ಕ್ಲಬ್ಬಿನ ಮುಖ ನೋಡುತ್ತಿದ್ದ ಕಡೆ. ಆದ್ದರಿಂದ ಡ್ರಾ ಬೇಕಾದರೆ ಮುಖವನ್ನು ನೇರವಾಗಿ ಗುರಿಗೆ ಇಟ್ಟು, ಕ್ಲಬ್ಬನ್ನು ಬಲಕ್ಕೆ ಬೀಸಬೇಕು. ಕೇಳಲು ತರ್ಕಬದ್ಧವಾಗಿದೆ. ಆದರೆ ತಪ್ಪು.

2003ರಲ್ಲಿ ಡೆನ್ಮಾರ್ಕಿನಲ್ಲಿ ಸ್ಥಾಪನೆಯಾದ ಟ್ರ್ಯಾಕ್‌ಮ್ಯಾನ್ ಸಂಸ್ಥೆಯ ರಾಡಾರ್ ಯಂತ್ರಗಳು ತರಬೇತಿ ಅಂಗಳಗಳಿಗೆ ಬಂದ ಮೇಲೆ ವಿಷಯ ಸ್ಪಷ್ಟವಾಯಿತು. ಚೆಂಡು ಹೊರಡುವ ದಿಕ್ಕನ್ನು ನಿರ್ಧರಿಸುವುದರಲ್ಲಿ ಮುಖದ ಪಾಲೇ ದೊಡ್ಡದು. ಡ್ರೈವರ್‌ನಲ್ಲಿ ಸುಮಾರು ಶೇಕಡ 85, ಐರನ್ ಕ್ಲಬ್ಬುಗಳಲ್ಲಿ ಸುಮಾರು ಶೇಕಡ 75. ಮುಖಕ್ಕೂ ದಾರಿಗೂ ಇರುವ ಕೋನವ್ಯತ್ಯಾಸ ಚೆಂಡನ್ನು ಬಾಗಿಸುತ್ತದೆ. ಮುಖವು ದಾರಿಗಿಂತ ಎಡಕ್ಕೆ ನೋಡುತ್ತಿದ್ದರೆ ಡ್ರಾ, ಬಲಕ್ಕೆ ನೋಡುತ್ತಿದ್ದರೆ ಫೇಡ್.

ಒಂದು ಉದಾಹರಣೆ. ಕ್ಲಬ್ ಗುರಿಗಿಂತ ನಾಲ್ಕು ಡಿಗ್ರಿ ಬಲಕ್ಕೆ ಸಾಗುತ್ತಿದೆ, ಮುಖ ಎರಡು ಡಿಗ್ರಿ ಬಲಕ್ಕೆ ನೋಡುತ್ತಿದೆ ಎನ್ನೋಣ. ಚೆಂಡು ಎರಡು ಡಿಗ್ರಿಗಿಂತ ತುಸು ಹೆಚ್ಚು ಬಲಕ್ಕೆ ಹೊರಟು, ಎಡಕ್ಕೆ ಬಾಗಿ, ಗುರಿಯತ್ತ ಹಿಂದಿರುಗುತ್ತದೆ. ಇದು ಒಳ್ಳೆಯ ಡ್ರಾ. ಹಳೆಯ ಪಾಠದಂತೆ ಮುಖವನ್ನು ನೇರ ಗುರಿಗೇ ಇಟ್ಟು ಅದೇ ನಾಲ್ಕು ಡಿಗ್ರಿಯ ದಾರಿಯಲ್ಲಿ ಬೀಸಿದರೆ? ಚೆಂಡು ಹೆಚ್ಚೂಕಡಿಮೆ ನೇರವಾಗಿಯೇ ಹೊರಟು, ಅಲ್ಲಿಂದ ಎಡಕ್ಕೆ ಬಾಗಿ, ಗುರಿಯನ್ನು ದಾಟಿ ಪೊದೆ ಸೇರುತ್ತದೆ. ಅಡ್ಡವಿದ್ದ ಮರವನ್ನು ಬಳಸಿ ಹೋಗುವ ಚೆಂಡು ಹೊಡೆಯಲು ಹೋಗಿ ಅದೇ ಮರಕ್ಕೆ ಬಡಿದವರ ಸಂಖ್ಯೆ ಎಷ್ಟಿರಬಹುದೋ! ತಾವು ಪಾಠವನ್ನು ಸರಿಯಾಗಿ ಪಾಲಿಸಲಿಲ್ಲ ಎಂದು ಅವರು ತಮ್ಮನ್ನೇ ಶಪಿಸಿಕೊಂಡಿರಬೇಕು. ತಪ್ಪಿದ್ದದ್ದು ಪಾಠದಲ್ಲಿ.

ಹಾಗಿದ್ದರೆ ಹಳೆಯ ಮಹಾರಥಿಗಳು ಚೆಂಡನ್ನು ಬೇಕಾದಂತೆ ಬಾಗಿಸುತ್ತಿದ್ದದ್ದು ಹೇಗೆ? ಅವರು ಹೇಳುತ್ತಿದ್ದದ್ದು ಒಂದು, ಅವರ ಕೈಗಳು ಮಾಡುತ್ತಿದ್ದದ್ದು ಇನ್ನೊಂದು. ಸಾವಿರಾರು ಚೆಂಡು ಹೊಡೆದ ಕೈಗೆ ತಾನಾಗಿ ತಿಳಿದಿದ್ದ ಸತ್ಯ ಬಾಯಿಗೆ ಬಂದಿರಲಿಲ್ಲ. ಅಡುಗೆಯಲ್ಲಿ ಪಳಗಿದವರು ಹೇಳುವ ಅಳತೆಗೂ ಹಾಕುವ ಅಳತೆಗೂ ತಾಳೆಯಾಗದಿರುವಂತೆ.

ಹುಕ್‌ನಿಂದ ತಪ್ಪಿಸಿಕೊಂಡ ಹೋಗನ್

ಈ ಆಯ್ಕೆ ಒಬ್ಬ ಆಟಗಾರನ ಬದುಕನ್ನೇ ಬದಲಿಸಬಲ್ಲದು ಎಂಬುದಕ್ಕೆ ಬೆನ್ ಹೋಗನ್ ಅವರಿಗಿಂತ ದೊಡ್ಡ ನಿದರ್ಶನ ಸಿಗದು. 1912ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಹೋಗನ್ ಕ್ಯಾಡಿಯಾಗಿ ಗಾಲ್ಫ್ ಕಲಿತವರು. ಹದಿಹರೆಯ ಮುಗಿಯುವ ಮೊದಲೇ ವೃತ್ತಿಪರರಾದರು. ಆದರೆ 1930ರ ದಶಕವಿಡೀ ಅವರ ಕೈಗೆ ಹತ್ತಿದ್ದು ಬರಿಯ ಸೋಲು. ಸಣ್ಣ ಮೈಕಟ್ಟಿನ ಅವರು ದೂರ ಹೊಡೆಯಲು ಮೈಯೆಲ್ಲ ಬಳಸಿ ಬೀಸುತ್ತಿದ್ದರು. ಚೆಂಡು ಕೆಳಮಟ್ಟದಲ್ಲಿ ಹಾರಿ, ಒತ್ತಡದ ಗಳಿಗೆಯಲ್ಲಿ ರಭಸವಾಗಿ ಎಡಕ್ಕೆ ಹೊರಳಿಬಿಡುತ್ತಿತ್ತು. ಹಣವಿಲ್ಲದೆ ಟೂರ್ ಬಿಟ್ಟು ಮನೆಗೆ ಮರಳಿದ್ದೂ ಉಂಟು. ವೈಯಕ್ತಿಕವಾಗಿ ಮೊದಲ ಪ್ರಶಸ್ತಿ ಬಂದದ್ದು 1940ರಲ್ಲಿ, ಪೈನ್‌ಹರ್ಸ್ಟ್‌ನಲ್ಲಿ. ಅದಾದ ಮೇಲೂ ಹುಕ್ ಎಂಬ ಪಿಶಾಚಿ ಬೆನ್ನು ಬಿಟ್ಟಿರಲಿಲ್ಲ.

1946ರಲ್ಲಿ ಹೋಗನ್ ಕೆಲಕಾಲ ಸ್ಪರ್ಧೆಯಿಂದ ದೂರವುಳಿದು ಉಪಾಯ ಹುಡುಕಿದರು. ಕಂಡುಕೊಂಡದ್ದನ್ನು 1955ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಹಿರಂಗಪಡಿಸಿದರು. ಎಡಗೈಯ ಹಿಡಿತವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು. ಕ್ಲಬ್ ಬೆನ್ನ ಹಿಂದೆ ಮೇಲೇರಿದಾಗ ಎಡ ಮಣಿಕಟ್ಟನ್ನು ತುಸು ಹಿಂದಕ್ಕೆ ಬಾಗಿಸಿದರು. ಇಷ್ಟು ಮಾಡಿದಾಗ ಕ್ಲಬ್ಬಿನ ಮುಖ ಎಷ್ಟೇ ಜೋರಾಗಿ ಬೀಸಿದರೂ ಬೇಗ ಮುಚ್ಚಿಕೊಳ್ಳುವುದಿಲ್ಲ. ಚೆಂಡು ಎತ್ತರಕ್ಕೆ ಹಾರಿ ಕೊನೆಯಲ್ಲಿ ಬಲಕ್ಕೆ ಇಷ್ಟೇ ಇಷ್ಟು ಬಾಗುತ್ತದೆ. ಇದೇ ಅವರ ‘ಗುಟ್ಟು’ ಎಂದು ಗಾಲ್ಫ್ ಲೋಕ ದಶಕಗಳ ಕಾಲ ಚರ್ಚಿಸಿತು. ಅಷ್ಟೇ ಅಲ್ಲ, ಇನ್ನೂ ಏನೋ ಇದೆ, ಅವರು ಪೂರ್ತಿ ಹೇಳಿಲ್ಲ ಎಂದು ನಂಬಿದವರೂ ಇದ್ದಾರೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಹೋಗನ್ ಹೇಳಿದ್ದು ಹುಕ್ ಕಾಯಿಲೆಗೆ ಮದ್ದು. ಮೊದಲೇ ಸ್ಲೈಸ್ ಹೊಡೆಯುತ್ತಿದ್ದ ಸಾಮಾನ್ಯ ಆಟಗಾರರು ಅದನ್ನೇ ಅನುಸರಿಸಿದರೆ ಕಾಯಿಲೆ ಹೆಚ್ಚುವುದು ಖಚಿತ.

1948ರಲ್ಲಿ ಅವರು ಯು.ಎಸ್. ಓಪನ್ ಗೆದ್ದರು. 1949ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಹೆದ್ದಾರಿಯಲ್ಲಿ, ಮಂಜು ಮುಸುಕಿದ ಮುಂಜಾವಿನಲ್ಲಿ, ಬಸ್ಸೊಂದು ಅವರ ಕಾರಿಗೆ ಎದುರಿನಿಂದ ಅಪ್ಪಳಿಸಿತು. ಸೊಂಟದ ಮೂಳೆ, ಕೊರಳೆಲುಬು, ಕಾಲ್ಗಿಣ್ಣು ಮುರಿದವು. ಮತ್ತೆ ನಡೆಯುವುದೇ ಅನುಮಾನ ಎಂಬ ಸ್ಥಿತಿ. ಹದಿನಾರು ತಿಂಗಳ ಬಳಿಕ, 1950ರ ಜೂನ್‌ನಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ಮೆರಿಯನ್ ಅಂಗಳದಲ್ಲಿ ಯು.ಎಸ್. ಓಪನ್ ಮತ್ತೆ ಗೆದ್ದರು. 1953ರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್, ಬ್ರಿಟಿಷ್ ಓಪನ್ ಮೂರೂ ಅವರದಾದವು. ಮುರಿದ ದೇಹದಿಂದ ಇಷ್ಟು ಸಾಧ್ಯವಾದದ್ದು ಚೆಂಡು ಎತ್ತ ಹೋಗುತ್ತದೆ ಎಂಬ ಭರವಸೆ ಇದ್ದದ್ದರಿಂದ.

ಫೇಡ್ ಪರವಾದ ಲೆಕ್ಕ

ಫೇಡ್ ಹೊಡೆಯುವವರ ವಾದ ಸರಳ ಗಣಿತದ್ದು. ಮೂವತ್ತು ಗಜ ಅಗಲದ ಫೇರ್‌ವೇ ಇದೆ. ಚೆಂಡು ಎತ್ತ ಬಾಗುತ್ತದೋ ತಿಳಿಯದ ಆಟಗಾರ ನಟ್ಟನಡುವಿಗೆ ಗುರಿಯಿಟ್ಟರೆ ಅವನಿಗೆ ಎಡಕ್ಕೆ ಹದಿನೈದು, ಬಲಕ್ಕೆ ಹದಿನೈದು ಗಜ ಮಾತ್ರ ಅವಕಾಶ. ಫೇಡ್ ಆಟಗಾರ ಎಡ ಅಂಚಿಗೆ ಗುರಿಯಿಡುತ್ತಾನೆ. ಚೆಂಡು ಅಂದುಕೊಂಡಷ್ಟು ಬಾಗಿದರೆ ನಡುವಿಗೆ ಬರುತ್ತದೆ. ಬಾಗದೆ ನೇರ ಹೋದರೆ ಎಡ ಅಂಚಿನಲ್ಲಿ ಉಳಿಯುತ್ತದೆ. ಎರಡರಷ್ಟು ಬಾಗಿದರೂ ಬಲ ಅಂಚನ್ನು ದಾಟುವುದಿಲ್ಲ. ಅವನಿಗೆ ಮೂವತ್ತಕ್ಕೆ ಮೂವತ್ತೂ ಗಜ ದಕ್ಕಿತು. ಡ್ರಾಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಬಲ ಅಂಚಿನಿಂದ. ಹಾಗಿದ್ದೂ ಫೇಡ್‌ಗೆ ಹೆಚ್ಚು ಮತ ಏಕೆಂದರೆ, ತಪ್ಪಿದಾಗ ಆಗುವ ಹಾನಿ ಎರಡರಲ್ಲೂ ಸಮವಲ್ಲ. ಫೇಡ್ ಎತ್ತರಕ್ಕೆ ಹಾರಿ, ಹೆಚ್ಚು ಬ್ಯಾಕ್‌ಸ್ಪಿನ್‌ನೊಂದಿಗೆ ಇಳಿದು ಬೇಗ ನಿಲ್ಲುತ್ತದೆ. ಅತಿಯಾದ ಡ್ರಾ ಕೆಳಗೆ ಹಾರಿ, ಬಿದ್ದಮೇಲೂ ಓಡುತ್ತದೆ. ಓಡುವುದು ತೊಂದರೆ ಇರುವ ಕಡೆಗೇ. ಫೇಡ್‌ನೊಡನೆ ಮಾತನಾಡಬಹುದು, ಹುಕ್ ಮಾತು ಕೇಳುವುದಿಲ್ಲ ಎಂಬ ಅರ್ಥದ ಲೀ ಟ್ರೆವಿನೊ ಅವರ ಚಟಾಕಿ ಗಾಲ್ಫ್ ಲೋಕದಲ್ಲಿ ಗಾದೆಯಂತಾಗಿದೆ.

ಹದಿನೆಂಟು ಪ್ರಮುಖ ಪ್ರಶಸ್ತಿಗಳ ಒಡೆಯ ಜ್ಯಾಕ್ ನಿಕ್ಲಾಸ್ ಫೇಡ್ ನೆಚ್ಚಿದವರು. ಯುರೋಪಿನಲ್ಲಿ ಎಂಟು ಬಾರಿ ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲಿಗರಾದ ಕಾಲಿನ್ ಮಾಂಟ್‌ಗೊಮರಿ ಕೂಡ. ಡಸ್ಟಿನ್ ಜಾನ್ಸನ್ ಅವರಂತೂ ಡ್ರೈವರ್‌ನಿಂದ ಡ್ರಾ ಹೊಡೆಯುತ್ತಿದ್ದವರು 2015ರ ಕೊನೆಯ ಹೊತ್ತಿಗೆ ಫೇಡ್‌ಗೆ ಬದಲಾದರು. 2016ರಲ್ಲಿ ಓಕ್‌ಮಾಂಟ್‌ನಲ್ಲಿ ಯು.ಎಸ್. ಓಪನ್ ಅವರ ಮಡಿಲಿಗೆ ಬಿತ್ತು. ಕೋವಿಡ್ ಕಾರಣದಿಂದ ನವೆಂಬರ್‌ಗೆ ಮುಂದೂಡಲ್ಪಟ್ಟಿದ್ದ 2020ರ ಮಾಸ್ಟರ್ಸ್‌ನಲ್ಲಿ 268 ಹೊಡೆತಗಳ ದಾಖಲೆಯೊಂದಿಗೆ ಗೆದ್ದರು.

ಫೇಡ್ ಆಟಗಾರರಲ್ಲಿ ಎಲ್ಲರಿಗಿಂತ ನಿಶ್ಚಿಂತರಾಗಿದ್ದವರೆಂದರೆ ಅಮೆರಿಕದ ಬ್ರೂಸ್ ಲೀಟ್ಸ್ಕಿ. ಪಿ.ಜಿ.ಎ. ಟೂರ್‌ನಲ್ಲಿ ಹದಿಮೂರು ಪ್ರಶಸ್ತಿ ಗೆದ್ದ ಅವರು ಅಭ್ಯಾಸ ಮಾಡುತ್ತಿದ್ದದ್ದೇ ಅಪರೂಪ. ಋತುವಿನ ಕೊನೆಗೆ ಮನೆಗೆ ಹೊರಟರೆ ಕ್ಲಬ್ ಮುಟ್ಟುವುದಿಲ್ಲ ಎಂಬ ಅವರ ಮಾತನ್ನು ನಂಬದ ಕ್ಯಾಡಿ, ಡ್ರೈವರ್‌ನ ಮುಸುಕಿನೊಳಗೆ ಬಾಳೆಹಣ್ಣೊಂದನ್ನು ಇಟ್ಟು ಕಳುಹಿಸಿದ. ತಿಂಗಳುಗಳ ಬಳಿಕ ಹೊಸ ಋತುವಿಗೆ ಬಂದಾಗ ಮುಸುಕು ತೆಗೆದರೆ ಹಣ್ಣು ಅಲ್ಲೇ ಕೊಳೆತು ನಾರುತ್ತಿತ್ತು. ಒಂದೇ ಬಗೆಯ ಬಾಗನ್ನು ನೆಚ್ಚಿ, ಅದನ್ನು ತಿದ್ದಲು ಹೋಗದವರಿಗೆ ಸಿಗುವ ನೆಮ್ಮದಿ ಅದು.

ಡ್ರಾ ಬಿಡಲೊಲ್ಲದವರು

ಇಷ್ಟೆಲ್ಲ ಇದ್ದರೂ ಡ್ರಾದ ಮೋಹ ಹೋಗುವುದಿಲ್ಲ. ಮುಖ್ಯ ಕಾರಣ ದೂರ. ಡ್ರಾ ಹೊಡೆಯುವಾಗ ಮುಖವು ದಾರಿಗೆ ಹೋಲಿಸಿದರೆ ಮುಚ್ಚಿರುತ್ತದೆ. ಅದರೊಡನೆ ಕ್ಲಬ್ಬಿನ ಓರೆಯೂ ಕಡಿಮೆಯಾಗುತ್ತದೆ. ತಿರುಗಾಟ ತಗ್ಗಿ, ಚೆಂಡು ಕೆಳಮಟ್ಟದಲ್ಲಿ ಸಾಗಿ, ಬಿದ್ದಮೇಲೆ ಇನ್ನಷ್ಟು ಉರುಳುತ್ತದೆ. ಹಾಗೆಂದು ಎಡಕ್ಕೆ ಬಾಗುವ ಚೆಂಡಿಗೆ ವಿಶೇಷ ಶಕ್ತಿಯೇನೂ ಇಲ್ಲ. ವೇಗ, ಏರುಕೋನ, ತಿರುಗಾಟ ಒಂದೇ ಆಗಿದ್ದರೆ ಎರಡೂ ಹೆಚ್ಚೂಕಡಿಮೆ ಒಂದೇ ದೂರ ಹೋಗುತ್ತವೆ. ಸಾಮಾನ್ಯ ಆಟಗಾರರು ಡ್ರಾದಿಂದ ಇಪ್ಪತ್ತು ಗಜ ಹೆಚ್ಚು ಗಳಿಸಿದೆವೆಂದು ಹಿಗ್ಗಿದರೆ ಅದರಲ್ಲಿ ದೊಡ್ಡ ಪಾಲು ಅವರ ಸ್ಲೈಸ್ ವಾಸಿಯಾದದ್ದರ ಲಾಭ.

ಡ್ರಾ ಒಂದನ್ನೇ ನಂಬಿ ಬದುಕಿದ ಅಪರೂಪದ ಚಾಂಪಿಯನ್ ದಕ್ಷಿಣ ಆಫ್ರಿಕಾದ ಬಾಬಿ ಲಾಕ್. ಹುಕ್ ಎನ್ನಬಹುದಾದಷ್ಟು ಬಾಗುವ ಚೆಂಡು ಅವರದು. ಗುರಿಗಿಂತ ಬಹಳ ಬಲಕ್ಕೆ ಮುಖಮಾಡಿ ನಿಲ್ಲುತ್ತಿದ್ದ ಅವರನ್ನು ಮೊದಲ ಸಲ ಕಂಡವರು, ಈ ಮನುಷ್ಯ ಪಕ್ಕದ ಹೋಲ್‌ಗೆ ಹೊಡೆಯುತ್ತಿದ್ದಾನೆಂದು ತಿಳಿದರೆ ಆಶ್ಚರ್ಯವಿಲ್ಲ. 1949, 1950, 1952 ಮತ್ತು 1957ರಲ್ಲಿ, ಹೀಗೆ ನಾಲ್ಕು ಬಾರಿ ಬ್ರಿಟಿಷ್ ಓಪನ್ ಗೆದ್ದ ಆ ಬಾಗನ್ನು ತಿದ್ದಿಕೊಳ್ಳಿ ಎಂದು ಹೇಳುವ ಧೈರ್ಯ ಯಾರಿಗಿದ್ದೀತು?

ಇತ್ತೀಚಿನ ಉದಾಹರಣೆ ಉತ್ತರ ಐರ್ಲೆಂಡಿನ ರೋರಿ ಮೆಕ್‌ಇಲ್‌ರಾಯ್. ಡ್ರಾ ಅವರಿಗೆ ಸಹಜವಾಗಿ ಒಲಿದ ಹೊಡೆತ. 2025ರ ಏಪ್ರಿಲ್ 13ರಂದು ಮಾಸ್ಟರ್ಸ್‌ನ ಅಂತಿಮ ಸುತ್ತಿನಲ್ಲಿ, ಹದಿಮೂರನೇ ಹೋಲ್‌ನಲ್ಲಿ ಸುಲಭದ ಚೆಂಡೊಂದನ್ನು ನೀರಿಗೆ ಹಾಕಿ ಅವರು ಮುನ್ನಡೆ ಕಳೆದುಕೊಂಡಿದ್ದರು. ಹದಿನೈದನೆಯದರಲ್ಲಿ ಇನ್ನೂರು ಗಜಕ್ಕೂ ಹೆಚ್ಚು ದೂರ, ಎಡಕ್ಕೆ ಮರಗಳ ಅಡ್ಡಿ, ಗ್ರೀನ್‌ನ ಮುಂದೆ ಕೊಳ. ಸೆವೆನ್ ಐರನ್‌ನಿಂದ ಹೊಡೆದ ಚೆಂಡು ಮರಗಳ ಬಲಬದಿಯಿಂದ ಹೊರಟು ಎಡಕ್ಕೆ ಬಾಗಿ, ನೀರು ದಾಟಿ, ಗುಳಿಯಿಂದ ಸುಮಾರು ಎರಡು ಮೀಟರ್ ದೂರದಲ್ಲಿ ನಿಂತಿತು. ಈಗಲ್ ಪಟ್ ತಪ್ಪಿದರೂ ಬರ್ಡಿ ಸಿಕ್ಕಿತು. ಜಸ್ಟಿನ್ ರೋಸ್ ವಿರುದ್ಧದ ಪ್ಲೇಆಫ್‌ನಲ್ಲಿ ಗೆದ್ದು, ನಾಲ್ಕೂ ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಆರನೆಯ ಆಟಗಾರರಾದರು. ಅಂಥ ಗಳಿಗೆಯಲ್ಲಿ ಕೈ ಹುಡುಕುವುದು ಹುಟ್ಟಿನಿಂದ ಬಂದ ಹೊಡೆತವನ್ನು.

ಅಂಗಳವೇ ಆರಿಸುವಾಗ

ಅಗಸ್ಟಾದ ಹೆಸರು ಮತ್ತೆ ಮತ್ತೆ ಬರುವುದು ಕಾಕತಾಳೀಯವಲ್ಲ. ಅಲ್ಲಿನ ಎರಡು, ಹತ್ತು, ಹದಿಮೂರನೇ ಹೋಲ್‌ಗಳು ಎಡಕ್ಕೆ ತಿರುಗುತ್ತವೆ. 2023ರಲ್ಲಿ 510ರಿಂದ 545 ಗಜಕ್ಕೆ ಉದ್ದವಾದ ಹದಿಮೂರನೆಯದರಲ್ಲಿ ಟೀಯಿಂದ ಡ್ರಾ ಹೊಡೆದರೆ ಚೆಂಡು ತಿರುವಿನ ಜೊತೆಗೇ ತಿರುಗುತ್ತದೆ. ಮುಂದಿನ ಹೊಡೆತಕ್ಕೆ ನಿಂತಾಗ ನೆಲ ಬಲದಿಂದ ಎಡಕ್ಕೆ ಇಳಿಜಾರು. ಬಲಗೈ ಆಟಗಾರನ ಚೆಂಡು ಅವನ ಪಾದಕ್ಕಿಂತ ಎತ್ತರದಲ್ಲಿರುತ್ತದೆ. ಅಲ್ಲಿಂದ ಚೆಂಡು ತಾನಾಗಿ ಎಡಕ್ಕೆ ಎಳೆಯುತ್ತದೆ. ಆ ಕಾರಣಕ್ಕೇ ಅಗಸ್ಟಾ ಡ್ರಾ ಆಟಗಾರರ ಅಂಗಳ ಎಂಬ ಮಾತು ಹುಟ್ಟಿತು.

ಈ ಮಾತನ್ನು ಟ್ರೆವಿನೊ ಪೂರ್ಣವಾಗಿ ನಂಬಿದರು. ತಮ್ಮ ಫೇಡ್‌ಗೆ ಅಲ್ಲಿ ಬೆಲೆಯಿಲ್ಲವೆಂದು 1970ರ ದಶಕದಲ್ಲಿ ಕೆಲವು ವರ್ಷ ಆಹ್ವಾನ ಬಂದರೂ ಹೋಗಲಿಲ್ಲ. ಹೋದಾಗಲೂ ಹತ್ತನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಆರು ಪ್ರಮುಖ ಪ್ರಶಸ್ತಿ ಗೆದ್ದ ಆಟಗಾರನಿಗೆ ಮಾಸ್ಟರ್ಸ್ ಮಾತ್ರ ದಕ್ಕದೆ ಹೋಯಿತು. ಅದೇ ಕಾಲದಲ್ಲಿ ಅದೇ ಫೇಡ್ ನೆಚ್ಚಿದ ನಿಕ್ಲಾಸ್ ಅಲ್ಲಿ ಆರು ಬಾರಿ ಗೆದ್ದರು. ಕೊನೆಯದು 1986ರಲ್ಲಿ, 46ನೇ ವಯಸ್ಸಿನಲ್ಲಿ. ನಿಕ್ಲಾಸ್ ಅವರ ಚೆಂಡು ಬಹಳ ಎತ್ತರಕ್ಕೆ, ಬಹಳ ದೂರಕ್ಕೆ ಹಾರುತ್ತಿತ್ತು ಎಂಬುದು ನಿಜ. ಗಟ್ಟಿಯಾದ, ವೇಗದ ಗ್ರೀನ್‌ಗಳ ಮೇಲೆ ಮೆತ್ತಗೆ ಇಳಿಯುವ ಚೆಂಡು ದೊಡ್ಡ ಆಸ್ತಿ. ಬೇಕಾದಾಗ ಡ್ರಾವನ್ನೂ ಹೊಡೆಯಬಲ್ಲವರಾಗಿದ್ದರು. ಆದರೂ ಟ್ರೆವಿನೊ ಅವರನ್ನು ತಡೆದದ್ದರಲ್ಲಿ ಅಂಗಳದ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂಬ ಪ್ರಶ್ನೆ ಉಳಿದೇ ಇದೆ.

ಎಡಗೈ ಆಟಗಾರರ ಕಥೆ ಇದಕ್ಕೊಂದು ಸ್ವಾರಸ್ಯದ ತಿರುವು ನೀಡುತ್ತದೆ. ಅವರ ಫೇಡ್ ಬಲದಿಂದ ಎಡಕ್ಕೆ ಬಾಗುತ್ತದೆ. ಎಂದರೆ ಹಿಡಿತ ಸುಲಭವಾದ ಫೇಡ್ ಹೊಡೆದೇ ಅಗಸ್ಟಾದ ತಿರುವುಗಳನ್ನು ಬಳಸಬಹುದು. 2003ಕ್ಕೆ ಮೊದಲು ಯಾವುದೇ ಪ್ರಮುಖ ಪ್ರಶಸ್ತಿ ಗೆದ್ದ ಎಡಗೈ ಆಟಗಾರ 1963ರ ಬ್ರಿಟಿಷ್ ಓಪನ್ ವಿಜೇತ, ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್ ಒಬ್ಬರೇ. 2003ರಲ್ಲಿ ಕೆನಡಾದ ಮೈಕ್ ವಿಯರ್ ಮಾಸ್ಟರ್ಸ್ ಗೆದ್ದರು. ಬಳಿಕ ಫಿಲ್ ಮಿಕಲ್ಸನ್ 2004, 2006, 2010ರಲ್ಲಿ, ಬುಬ್ಬಾ ವಾಟ್ಸನ್ 2012, 2014ರಲ್ಲಿ ಗೆದ್ದರು. ಹನ್ನೆರಡು ವರ್ಷಗಳಲ್ಲಿ ಆರು ಪ್ರಶಸ್ತಿ! ಸ್ಪೀತ್ ಎಡವಿದ ಹನ್ನೆರಡನೇ ಹೋಲ್ ಕೂಡ ಎಡಗೈಯವರಿಗೆ ದಯೆ ತೋರುತ್ತದೆ. ಅಲ್ಲಿ ಗ್ರೀನ್ ಮುಂದಿನ ಎಡದಿಂದ ಹಿಂದಿನ ಬಲಕ್ಕೆ ಓರೆಯಾಗಿ ಚಾಚಿದೆ. ಬಲಗೈಯವರ ತಪ್ಪು ಹೊಡೆತ ಎಡಕ್ಕೆ ಹೋದರೆ ಉದ್ದವಾಗುತ್ತದೆ, ಬಲಕ್ಕೆ ಹೋದರೆ ಗಿಡ್ಡವಾಗುತ್ತದೆ. ಎರಡೂ ಗ್ರೀನ್‌ನ ಹೊರಗೆ. ಎಡಗೈಯವರ ತಪ್ಪು ಗ್ರೀನ್‌ನ ಓರೆಗೇ ಹೊಂದಿಕೊಳ್ಳುತ್ತದೆ.

2012ರಲ್ಲಿ ವಾಟ್ಸನ್ ಗೆದ್ದ ಬಗೆಯಂತೂ ಎಲ್ಲ ಲೆಕ್ಕಗಳನ್ನೂ ಮೀರಿದ್ದು. ಲೂಯಿ ಊಸ್ಟ್‌ಹೈಜನ್ ಎದುರಿನ ಪ್ಲೇಆಫ್‌ನ ಎರಡನೇ ಹೋಲ್‌ನಲ್ಲಿ ಅವರ ಚೆಂಡು ಬಲಬದಿಯ ಪೈನ್ ಮರಗಳ ನಡುವೆ ಸಿಕ್ಕಿಕೊಂಡಿತ್ತು. ಗ್ರೀನ್ ಕಣ್ಣಿಗೆ ಕಾಣುತ್ತಿರಲಿಲ್ಲ. ವೆಜ್‌ನಿಂದ ಹೊಡೆದ ಚೆಂಡು ಮರಗಳಿಂದಾಚೆ ಬಂದು, ಸುಮಾರು ನಲವತ್ತು ಗಜದಷ್ಟು ಬಲಕ್ಕೆ ಹೊರಳಿ ಗ್ರೀನ್ ಮೇಲೆ ಕುಳಿತಿತು. ವೆಜ್‌ನಿಂದ ಚೆಂಡು ಹೆಚ್ಚು ಬಾಗುವುದಿಲ್ಲ ಎಂದು ಮೇಲೆ ಹೇಳಿದ್ದನ್ನು ನೆನೆದರೆ ಆ ಹೊಡೆತದ ಬೆಲೆ ತಿಳಿಯುತ್ತದೆ.

ಇಂದಿನ ಚೆಂಡುಗಳು ಮತ್ತು 460 ಘನ ಸೆಂಟಿಮೀಟರ್ ಗಾತ್ರದ ಡ್ರೈವರ್‌ಗಳು ಹಿಂದಿನವಕ್ಕಿಂತ ಕಡಿಮೆ ಬಾಗಿಸುತ್ತವೆ. ಹಾಗಾಗಿ ಹೊಸ ತಲೆಮಾರಿನ ಹಲವರು ಹೋಲ್‌ಗೊಂದು ಬಾಗು ಬದಲಿಸುವ ಗೋಜಿಗೆ ಹೋಗದೆ ಒಂದನ್ನೇ ಹಿಡಿದು ಆಡುತ್ತಾರೆ.

ಸಾಮಾನ್ಯ ಆಟಗಾರ ಏನು ಮಾಡಬೇಕು?

ಬೆಂಗಳೂರಿನಲ್ಲಾಗಲಿ ಸ್ಕಾಟ್ಲೆಂಡಿನಲ್ಲಾಗಲಿ, ವಾರಕ್ಕೊಮ್ಮೆ ಆಡುವವರ ಮೊದಲ ಭ್ರಮೆ ತಮ್ಮ ಸ್ಲೈಸ್ ಅನ್ನು ಫೇಡ್ ಎಂದು ಕರೆದುಕೊಳ್ಳುವುದು. ಫೇಡ್ ಹತ್ತು ಸಲ ಹೊಡೆದರೆ ಏಳೆಂಟು ಸಲ ಹೆಚ್ಚೂಕಡಿಮೆ ಒಂದೇ ಬಗೆಯಲ್ಲಿ ಬಾಗಬೇಕು. ಒಮ್ಮೆ ಹತ್ತು ಗಜ, ಇನ್ನೊಮ್ಮೆ ಐವತ್ತು ಗಜ ಬಾಗಿದರೆ ಅದು ಆಯ್ಕೆಯಲ್ಲ, ಅಪಘಾತ. ಅಂಥವರು ಮೊದಲು ಹಿಡಿತವನ್ನು ನೋಡಿಕೊಳ್ಳಬೇಕು. ಕೈಗಳನ್ನು ಹಿಡಿಯ ಮೇಲೆ ತುಸು ಬಲಕ್ಕೆ ತಿರುಗಿಸಿದರೆ ಮುಖ ಮುಚ್ಚಿಕೊಳ್ಳಲು ಅನುಕೂಲ. ಡ್ರಾ ಕಡೆಗೆ ಚೆಂಡು ವಾಲುತ್ತದೆ. ಎಡಕ್ಕೆ ತಿರುಗಿಸಿದರೆ ಫೇಡ್ ಕಡೆಗೆ. ಡ್ರೈವರ್‌ನಲ್ಲಿ ಚೆಂಡು ಮುಖದ ಎಲ್ಲಿ ತಾಗುತ್ತಿದೆ ಎಂಬುದನ್ನೂ ಗಮನಿಸಬೇಕು. ತುದಿಗೆ ತಾಗಿದರೆ ಚೆಂಡು ಎಡಕ್ಕೆ, ಬುಡಕ್ಕೆ ತಾಗಿದರೆ ಬಲಕ್ಕೆ ಬಾಗುತ್ತದೆ. ಸ್ವಿಂಗ್ ಸರಿಯಿದ್ದರೂ ಚೆಂಡು ಹಾದಿ ತಪ್ಪುತ್ತಿದ್ದರೆ ಕಾರಣ ಅಲ್ಲಿರಬಹುದು.

ಇದ್ದದ್ದನ್ನು ಕೆಡವಿ ಹೊಸದನ್ನು ಕಟ್ಟುವ ಮೊದಲು ಆಸ್ಟ್ರೇಲಿಯಾದ ಇಯಾನ್ ಬೇಕರ್-ಫಿಂಚ್ ಅವರನ್ನು ನೆನೆಯುವುದು ಒಳ್ಳೆಯದು. 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಅವರು ಇನ್ನಷ್ಟು ದೂರ ಹೊಡೆಯುವ ಆಸೆಯಿಂದ ಸ್ವಿಂಗ್ ಬದಲಿಸಲು ಹೊರಟರು. 1995ರಲ್ಲಿ ಸೇಂಟ್ ಆ್ಯಂಡ್ರೂಸ್‌ನ ಮೊದಲ ಟೀಯಲ್ಲಿ, ಎರಡು ಹೋಲ್‌ಗಳಿಗೆ ಸೇರಿದ ಅತಿ ವಿಶಾಲವಾದ ಆ ಫೇರ್‌ವೇಯನ್ನೂ ದಾಟಿ ಎಡಕ್ಕೆ ಅಂಗಳದ ಹೊರಗೆ ಹುಕ್ ಹೊಡೆದರು. 1997ರಲ್ಲಿ ಟ್ರೂನ್‌ನಲ್ಲಿ ಮೊದಲ ಸುತ್ತಿಗೆ 92 ಹೊಡೆತ ತೆಗೆದುಕೊಂಡು ಟೂರ್ನಿಯಿಂದ ಹಿಂದೆ ಸರಿದರು. ಆತ್ಮವಿಶ್ವಾಸ ಕುಸಿದದ್ದು ದೊಡ್ಡ ಕಾರಣವಾದರೂ, ಕೈಗೆ ಒಗ್ಗಿದ್ದನ್ನು ಬಿಟ್ಟದ್ದು ಕುಸಿತದ ಮೊದಲ ಮೆಟ್ಟಿಲಾಗಿತ್ತು.

ಆದ್ದರಿಂದ ಕ್ಲಬ್ಬಿನ ಅನುಭವಿ ತರಬೇತುದಾರರು ಸಾಮಾನ್ಯವಾಗಿ ಕೇಳುವುದು, ಯೋಚಿಸದೆ ಹೊಡೆದಾಗ ಚೆಂಡು ಎತ್ತ ಬಾಗುತ್ತದೆ ಎಂದು. ಅದನ್ನೇ ತಿದ್ದಿ ತೀಡಿ ಹದಕ್ಕೆ ತಂದುಕೊಳ್ಳುವುದು ಸುಲಭದ ಹಾದಿ. ಇನ್ನೊಂದನ್ನು ಮರ ಅಡ್ಡಬಂದಾಗ ಬಳಸುವಷ್ಟು ಕಲಿತರೆ ಸಾಕು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಎರಡೂ ಬಾಗುಗಳು ಹೆಚ್ಚುತ್ತವೆ ಎಂಬುದನ್ನು ಮರೆಯಬಾರದು. ಗಾಳಿ ಬಲದಿಂದ ಎಡಕ್ಕಿದ್ದರೆ ಫೇಡ್ ಅದಕ್ಕೆ ಎದುರಾಗಿ ನಿಂತು ನೇರ ಸಾಗುತ್ತದೆ, ದೂರ ತುಸು ಕಡಿಮೆಯಾಗುತ್ತದೆ. ಡ್ರಾ ಅದರ ಬೆನ್ನೇರಿ ಓಡುತ್ತದೆ. ಇನ್ನು ಟೀ ಅಂಗಳದ ಯಾವ ಬದಿಯಲ್ಲಿ ಚೆಂಡು ಇಡಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಫೇಡ್ ಹೊಡೆಯುವವರು ಬಲಬದಿಯ ಗುರುತಿನ ಹತ್ತಿರ ಚೆಂಡಿಟ್ಟು ಫೇರ್‌ವೇಯ ಎಡಭಾಗಕ್ಕೆ ಗುರಿಯಿಡಬೇಕು. ಡ್ರಾ ಹೊಡೆಯುವವರು ಎಡಬದಿಯಲ್ಲಿಟ್ಟು ಬಲಭಾಗಕ್ಕೆ ಗುರಿಯಿಡಬೇಕು. ನಾಲ್ಕು ಹೆಜ್ಜೆ ಅತ್ತಿತ್ತ ನಡೆದರೆ ಚೆಂಡಿಗೆ ಬಾಗಲು ಜಾಗ ಸಿಗುತ್ತದೆ. ಅದಕ್ಕೆ ಹೊಸ ಕ್ಲಬ್ ಕೊಳ್ಳಬೇಕಿಲ್ಲ.